ನಾಡೋಜನೂ ನಾಡಿನ ಓಜರೂ

ಮಹಾಕವಿಯೊಬ್ಬನ ಕೀರ್ತಿ ಶಾಶ್ವತವಾಗಿ ಉಳಿಯುವುದು ಅವನ ಪ್ರತಿಭೆಯೊಂದರಿಂದಲೇ ಎಂಬ ನಂಬಿಕೆ ಬಹಳ ಹಳೆಯದು. ಕಾವ್ಯವು ತನ್ನ ಸತ್ತ್ವದಿಂದಲೇ ಕಾಲವನ್ನು ಗೆಲ್ಲುತ್ತದೆ, ಅದಕ್ಕೆ ಇನ್ನೊಬ್ಬರ ಆಸರೆ ಬೇಕಿಲ್ಲ ಎಂದು ಸಭೆಗಳಲ್ಲಿ ಹೇಳುವುದುಂಟು. ಕೇಳಿದವರು ತಲೆದೂಗುವುದೂ ಉಂಟು. ಮಾತು ಇಂಪಾಗಿದೆ. ಆದರೆ ಸಾಹಿತ್ಯಚರಿತ್ರೆ ಅದನ್ನು ಪೂರ್ತಿಯಾಗಿ ಸಮರ್ಥಿಸುವುದಿಲ್ಲ. ಸತ್ತ್ವವಿಲ್ಲದ ಕಾವ್ಯ ಉಳಿಯದೆಂಬುದು ನಿಜ. ಸತ್ತ್ವವಿದ್ದ ಕಾವ್ಯವೆಲ್ಲ ಉಳಿದಿದೆಯೆಂಬುದು ನಿಜವಲ್ಲ. ಪೊನ್ನನ ‘ಭುವನೈಕರಾಮಾಭ್ಯುದಯ’ವೆಲ್ಲಿ? ರನ್ನನ ‘ಪರಶುರಾಮಚರಿತ’ವೆಲ್ಲಿ? ಒಂದನೆಯ ಗುಣವರ್ಮನ ‘ಶೂದ್ರಕ’ವೆಲ್ಲಿ? ಇವರು ಸಾಮಾನ್ಯ ಕವಿಗಳಲ್ಲ. ಆದರೂ ಆ ಕೃತಿಗಳು ಇಂದು ಬರಿಯ ಹೆಸರುಗಳಾಗಿ ನಿಂತಿವೆ. ಓಲೆಯನ್ನು ಪ್ರತಿಮಾಡುವ ಕೈ, ಪದ್ಯವನ್ನು ಪಾಠ ಹೇಳುವ ಬಾಯಿ, ಅರ್ಥವನ್ನು ಕೇಳುವ ಕಿವಿ, ಈ ಮೂರರಲ್ಲಿ ಒಂದು ತಪ್ಪಿದರೂ ಎಂಥ ಕಾವ್ಯವಾದರೂ ಕಾಲದ ಪಾಲಾಗುತ್ತದೆ.

ಈ ಮೂರನ್ನೂ ಕೂಡಿಸಿ ನಡೆಸುವವನಿಗೆ ಹಳಗನ್ನಡದಲ್ಲಿ ಒಂದು ಸೊಗಸಾದ ಹೆಸರಿದೆ: ಓಜ. ಸಂಸ್ಕೃತದ ‘ಉಪಾಧ್ಯಾಯ’ ಶಬ್ದವೇ ಪ್ರಾಕೃತದ ದಾರಿಯಲ್ಲಿ ಸವೆದು ಕನ್ನಡದಲ್ಲಿ ‘ಓಜ’ನೆಂದು ನಿಂತಿತು. ಕಲ್ಲು ಕಟೆಯುವ ಶಿಲ್ಪಿಯೂ ತನ್ನ ವಿದ್ಯೆಯಲ್ಲಿ ಗುರುವಾದುದರಿಂದ ಬೇಲೂರಿನ ದಾಸೋಜನಂಥವರ ಹೆಸರುಗಳಲ್ಲಿ ಅದೇ ಶಬ್ದ ಸೇರಿಕೊಂಡಿದೆ. ‘ನಾಡೋಜ’ನೆಂದರೆ ನಾಡಿನ ಉಪಾಧ್ಯಾಯ. ಆದಿಕವಿ ಪಂಪನಿಗೆ ಈ ವಿಶೇಷಣವನ್ನು ಸೇರಿಸಿ, ಅದನ್ನೇ ಗ್ರಂಥದ ಹೆಸರಾಗಿಸಿ 1938ರಲ್ಲಿ ‘ನಾಡೋಜ ಪಂಪ’ವನ್ನು ಕನ್ನಡಿಗರ ಕೈಗಿತ್ತವರು ವಿಟ್ಲ ಸೀಮೆಯ ಮುಳಿಯ ತಿಮ್ಮಪ್ಪಯ್ಯನವರು. ಇಂದು ಹಂಪಿಯ ಕನ್ನಡ ವಿಶ್ವವಿದ್ಯಾಲಯವು ಕೊಡುವ ಗೌರವ ಪದವಿಗೂ ‘ನಾಡೋಜ’ವೆಂದೇ ಹೆಸರು. ಈ ಒಂದು ಶಬ್ದದಲ್ಲಿ ಅಡಗಿರುವ ವಿಚಾರವನ್ನು ಬಿಡಿಸಿ ನೋಡುವುದು ಇಲ್ಲಿಯ ಉದ್ದೇಶ. ಕವಿ ನಾಡಿಗೆ ಓಜನಾಗಬೇಕಾದರೆ ನಾಡಿನಲ್ಲಿ ಓಜರಿರಬೇಕು. ಪಾಠ ಹೇಳುವವರಿಲ್ಲದ ನಾಡಿನಲ್ಲಿ ಕವಿಯ ಪ್ರಭಾವವೆಂಬುದು ಪ್ರಶಸ್ತಿಪತ್ರದ ಮೇಲಿನ ಅಕ್ಷರವಾಗಿ ಮಾತ್ರ ಉಳಿಯುತ್ತದೆ.

ಇದಕ್ಕೆ ಕನ್ನಡದ ಹೊರಗಿನ ನಿದರ್ಶನವೊಂದನ್ನು ಮೊದಲು ನೋಡುವುದು ಉಚಿತ. ಕ್ರಿಸ್ತಪೂರ್ವ 70ರಲ್ಲಿ ಇಟಲಿಯ ಮಾಂಟುವ ಪಟ್ಟಣದ ಬಳಿಯ ಹಳ್ಳಿಯೊಂದರಲ್ಲಿ ಹುಟ್ಟಿ, ಕ್ರಿಸ್ತಪೂರ್ವ 19ರಲ್ಲಿ ತೀರಿಕೊಂಡ ವರ್ಜಿಲನು ಲ್ಯಾಟಿನ್ ಭಾಷೆಯ ಮಹಾಕವಿ. ಗೋವಳರ ಬಾಳನ್ನು ಕುರಿತ ಹಾಡುಗಳು, ಬೇಸಾಯವನ್ನು ಕುರಿತ ಒಂದು ಕಾವ್ಯ, ಕೊನೆಗೆ ಹನ್ನೆರಡು ಕಾಂಡಗಳ ‘ಈನಿಡ್’ ಎಂಬ ವೀರಕಾವ್ಯ, ಇಷ್ಟೇ ಅವನ ಬರವಣಿಗೆ. ‘ಈನಿಡ್’ಗಾಗಿ ಹನ್ನೊಂದು ವರ್ಷ ದುಡಿದೂ ಅದು ಮುಗಿಯಲಿಲ್ಲವೆಂಬ ಅತೃಪ್ತಿಯಿಂದ ಸಾಯುವ ಮುನ್ನ ಅದನ್ನು ಸುಟ್ಟುಬಿಡಬೇಕೆಂದು ಅವನು ಬಯಸಿದನಂತೆ. ಚಕ್ರವರ್ತಿ ಆಗಸ್ಟಸ್ ಅದಕ್ಕೆ ಒಪ್ಪದೆ, ಕವಿಯ ಇಬ್ಬರು ಗೆಳೆಯರಿಂದ ಕಾವ್ಯವನ್ನು ಪರಿಷ್ಕರಿಸಿ ಹೊರತರಿಸಿದನು. ಅಂದು ಬೆಂಕಿಯಿಂದ ಉಳಿದ ಆ ಗ್ರಂಥ ಎರಡು ಸಾವಿರ ವರ್ಷಗಳಿಂದ ಯೂರೋಪಿನ ಸಾಹಿತ್ಯವನ್ನು ಬೆಳೆಸುತ್ತ ಬಂದಿದೆ.

ಆದರೆ ಅದು ಬೆಳೆಸಿದ ಬಗೆ ಹೇಗೆ? ಅರಮನೆಯಿಂದಲ್ಲ, ಪಾಠಶಾಲೆಯಿಂದ. ವರ್ಜಿಲನು ಬದುಕಿದ್ದಾಗಲೇ ರೋಮ್ ನಗರದಲ್ಲಿ ಎಪಿರೋಟನೆಂಬ ಉಪಾಧ್ಯಾಯನು ಅವನ ಕಾವ್ಯವನ್ನು ಶಿಷ್ಯರಿಗೆ ಪಾಠ ಹೇಳಲು ತೊಡಗಿದ್ದನು. ಕ್ರಿ.ಶ. 79ರಲ್ಲಿ ಜ್ವಾಲಾಮುಖಿಯ ಬೂದಿಯಲ್ಲಿ ಹೂತುಹೋದ ಪಾಂಪೇ ಪಟ್ಟಣದ ಗೋಡೆಗಳ ಮೇಲೆ ಯಾರುಯಾರೋ ಗೀಚಿದ ‘ಈನಿಡ್’ನ ಮಾತುಗಳು ದೊರೆತಿವೆ. ಸಾಮ್ರಾಜ್ಯದ ಉತ್ತರದ ಅಂಚಿನಲ್ಲಿ, ಬ್ರಿಟನ್ ದ್ವೀಪದ ಸೈನಿಕ ಠಾಣ್ಯವೊಂದರಲ್ಲಿ ಸಿಕ್ಕಿದ ಮರದ ಹಲಗೆಯ ಮೇಲೆ ಅದೇ ಕಾವ್ಯದ ಒಂದು ಸಾಲು ಬರವಣಿಗೆಯ ಅಭ್ಯಾಸವಾಗಿ ಮೂಡಿದೆ. ಮುಂದೆ ನಾಲ್ಕನೆಯ ಶತಮಾನದ ಕೊನೆಯ ಹೊತ್ತಿಗೆ ಸರ್ವಿಯಸ್ ಎಂಬ ವೈಯಾಕರಣನು ವರ್ಜಿಲನ ಮೂರು ಕೃತಿಗಳಿಗೂ ಪದಪದಕ್ಕೆ ವ್ಯಾಖ್ಯಾನ ಬರೆದನು. ರೋಮ್ ಸಾಮ್ರಾಜ್ಯ ಬಿದ್ದುಹೋಯಿತು. ಲ್ಯಾಟಿನ್ ಮನೆಯ ಮಾತಾಗಿ ಉಳಿಯಲಿಲ್ಲ. ಆದರೆ ಆ ವ್ಯಾಖ್ಯಾನವನ್ನಿಟ್ಟುಕೊಂಡು ಪಾಠ ಹೇಳುವ ಮೇಷ್ಟರು ಮಾತ್ರ ಒಂದು ತಲೆಮಾರಿನಲ್ಲಿಯೂ ಇಲ್ಲವಾಗಲಿಲ್ಲ. ಹದಿನಾಲ್ಕನೆಯ ಶತಮಾನದಲ್ಲಿ ಇಟಲಿಯ ಡಾಂಟೆ ತನ್ನ ಮಹಾಕಾವ್ಯದಲ್ಲಿ ನರಕಲೋಕದ ದಾರಿಯನ್ನು ತೋರಿಸಲು ವರ್ಜಿಲನನ್ನೇ ಗುರುವಾಗಿ ಕರೆದುಕೊಂಡನು. ಇಂಗ್ಲೆಂಡಿನ ಮಿಲ್ಟನನೂ ಆ ಋಣದಲ್ಲಿಯೇ ಬೆಳೆದವನು. ನಡುವಿನ ಸಾವಿರಾರು ಹೆಸರಿಲ್ಲದ ಓಜರನ್ನು ತೆಗೆದುಹಾಕಿದರೆ ವರ್ಜಿಲನಿಂದ ಡಾಂಟೆಗೆ ದಾರಿಯೇ ಇಲ್ಲ.

ರೋಮಿನ ಈ ಕವಿಯನ್ನು ನೆನೆದಾಗ ಕನ್ನಡಿಗರಿಗೆ ಪಂಪನ ನೆನಪಾಗುವುದು ಸಹಜ. ಇಬ್ಬರ ನಡುವೆ ಸುಮಾರು ಒಂಬೈನೂರು ವರ್ಷಗಳ ಅಂತರವಿದೆ. ಒಬ್ಬರ ಹೆಸರನ್ನು ಇನ್ನೊಬ್ಬರು ಕೇಳಿದವರಲ್ಲ. ಆದರೂ ಹೋಲಿಕೆಗಳು ಮನಸ್ಸನ್ನು ಹಿಡಿದು ನಿಲ್ಲಿಸುವಂತಿವೆ. 902ರಲ್ಲಿ ಹುಟ್ಟಿದ ಪಂಪನು 941ರಲ್ಲಿ ‘ಆದಿಪುರಾಣ’ವನ್ನು ಮುಗಿಸಿದನು, ಇಂದಿನ ತೆಲಂಗಾಣದ ವೇಮುಲವಾಡದಿಂದ ಆಳುತ್ತಿದ್ದ ಚಾಲುಕ್ಯ ಅರಿಕೇಸರಿಯ ಆಶ್ರಯದಲ್ಲಿ ಹದಿನಾಲ್ಕು ಆಶ್ವಾಸಗಳ ‘ವಿಕ್ರಮಾರ್ಜುನ ವಿಜಯ’ವನ್ನು ರಚಿಸಿದನು. ವರ್ಜಿಲನು ಈನಿಯಾಸನ ಕಥೆಯೊಳಗೆ ಆಗಸ್ಟಸನ ಕುಲದ ಹಿರಿಮೆಯನ್ನು ಹೆಣೆದಂತೆ ಪಂಪನು ಅರ್ಜುನನಲ್ಲಿ ಅರಿಕೇಸರಿಯನ್ನು ಕಂಡನು. ಒಬ್ಬನಿಗೆ ಮಾಂಟುವದ ಹೊಲಗದ್ದೆಗಳ ಹಂಬಲವಾದರೆ ಇನ್ನೊಬ್ಬನಿಗೆ ಬನವಾಸಿಯ ಹಂಬಲ. ರೋಮಿನ ಕವಿ ಹನ್ನೊಂದು ವರ್ಷ ಬರೆದರೂ ತೃಪ್ತನಾಗಲಿಲ್ಲ. ಕನ್ನಡದ ಕವಿಯಾದರೋ ತನ್ನ ಭಾರತವನ್ನು ಆರು ತಿಂಗಳಲ್ಲಿ, ಪುರಾಣವನ್ನು ಮೂರು ತಿಂಗಳಲ್ಲಿ ಮುಗಿಸಿದೆನೆಂದು ತುಂಬು ವಿಶ್ವಾಸದಿಂದ ಹೇಳಿಕೊಂಡನು. ಸ್ವಭಾವ ಬೇರೆ, ಪ್ರತಿಭೆಯ ಎತ್ತರ ಒಂದೇ.

ಇವೆಲ್ಲಕ್ಕಿಂತ ಮುಖ್ಯವಾದ ಹೋಲಿಕೆ ಇನ್ನೊಂದಿದೆ. ಇಬ್ಬರೂ ಗೆದ್ದವರ ಪಕ್ಷದಲ್ಲಿ ನಿಂತು ಬರೆದವರು. ಆದರೆ ಇಬ್ಬರ ಕಾವ್ಯದಲ್ಲಿಯೂ ಸೋತವರ ಅಳಲೇ ಓದುಗನ ಎದೆಯಲ್ಲಿ ಉಳಿಯುತ್ತದೆ. ‘ಈನಿಡ್’ ಓದಿದವರು ಈನಿಯಾಸನ ವಿಜಯವನ್ನು ಮರೆತಾರು, ಅವನು ಬಿಟ್ಟುಹೋದ ರಾಣಿ ಡೈಡೋಳನ್ನು ಮರೆಯಲಾರರು. ಪಂಪಭಾರತದ ನಾಯಕನು ಅರ್ಜುನನೇ. ಆದರೂ ಭಾರತದಲ್ಲಿ ನೆನೆಯತಕ್ಕವನು ಕರ್ಣನೆಂದು ಸಾರಿದವನು ಅದೇ ಪಂಪ. ದುರ್ಯೋಧನನ ಛಲಕ್ಕೂ ಅವನು ಮನ್ನಣೆಯಿತ್ತನು. ಆಶ್ರಯದಾತನನ್ನು ಹೊಗಳುವ ಕಾವ್ಯ ಆಶ್ರಯದಾತನೊಡನೆ ಮುಗಿಯುವುದು ಲೋಕದ ರೀತಿ. ವೇಮುಲವಾಡದ ರಾಜ್ಯ ಹೋಗಿ ಸಾವಿರ ವರ್ಷ ಕಳೆದರೂ ಪಂಪನು ಬದುಕಿರುವುದು ಅವನು ಗೆಲುವಿನಲ್ಲಿ ಸೋಲನ್ನೂ ಕಂಡುದರಿಂದ. ಇದು ಸತ್ತ್ವದ ಮಾತು. ಆ ಸತ್ತ್ವವನ್ನು ಮುಂದಿನ ತಲೆಮಾರಿಗೆ ಮುಟ್ಟಿಸಿದವರು ಯಾರೆಂಬುದು ಪ್ರಕೃತ ವಿಚಾರ.

ಮೊದಲು ಮುಟ್ಟಿಸಿದವರು ಕವಿಗಳೇ. ರನ್ನನ ‘ಗದಾಯುದ್ಧ’ವು ಪಂಪನ ಹದಿಮೂರನೆಯ ಆಶ್ವಾಸದ ಬೀಜದಿಂದ ಬೆಳೆದ ಮರ. ಪಂಪನು ಅರಿಕೇಸರಿಯನ್ನು ಅರ್ಜುನನಲ್ಲಿ ಕಂಡಂತೆ ರನ್ನನು ಚಾಲುಕ್ಯ ಸತ್ಯಾಶ್ರಯನನ್ನು ಭೀಮನಲ್ಲಿ ಕಂಡನು. ಒಂದು ಲೌಕಿಕ ಕಾವ್ಯ, ಒಂದು ಆಗಮಿಕ ಕಾವ್ಯ ಎಂಬ ಪಂಪನ ಪದ್ಧತಿಯನ್ನು ಪೊನ್ನ, ರನ್ನರು ಅನುಸರಿಸಿದರು. ನಾಗಚಂದ್ರನಂತೂ ‘ಅಭಿನವ ಪಂಪ’ನೆಂಬ ಹೆಸರನ್ನೇ ಹೊತ್ತನು, ಅವನ ‘ರಾಮಚಂದ್ರಚರಿತಪುರಾಣ’ವನ್ನು ಜನ ‘ಪಂಪರಾಮಾಯಣ’ವೆಂದು ಕರೆದರು. ಪಂಪನು ಗಟ್ಟಿಗೊಳಿಸಿದ ಚಂಪೂಮಾರ್ಗದ ಸೆಳೆತ ಎಷ್ಟಿತ್ತೆಂದರೆ, ರಗಳೆಯೆಂಬ ಹೊಸ ಹಾದಿಯನ್ನು ತುಳಿದ ಹರಿಹರನೇ ‘ಗಿರಿಜಾಕಲ್ಯಾಣ’ವನ್ನು ಚಂಪುವಿನಲ್ಲಿ ರಚಿಸಿದನು. ಮತ ಬೇರೆ, ಮನಸ್ಸು ಬೇರೆ, ಆದರೆ ಕಾವ್ಯವಿದ್ಯೆಯ ಗುರುಪರಂಪರೆ ಒಂದೇ.

ಕವಿಗಳ ಬಳಿಕ ವೈಯಾಕರಣರು. ಹದಿಮೂರನೆಯ ಶತಮಾನದ ಕೇಶಿರಾಜನು ‘ಶಬ್ದಮಣಿದರ್ಪಣ’ದಲ್ಲಿ ಲಕ್ಷ್ಯಕ್ಕೆ ಆಧಾರವಾದ ಪೂರ್ವಕವಿಗಳನ್ನು ಹೆಸರಿಸುವಾಗ ಪಂಪನನ್ನೂ ಸೇರಿಸಿದನು. 1604ರಲ್ಲಿ ಭಟ್ಟಾಕಳಂಕನು ಕನ್ನಡಕ್ಕೆ ಸಂಸ್ಕೃತದಲ್ಲಿ ವ್ಯಾಕರಣ ಬರೆದಾಗಲೂ ಪಂಪನ ಪ್ರಯೋಗಗಳು ಉದಾಹರಣೆಗಳಾಗಿ ಬಂದವು. ಸೂತ್ರವನ್ನು ಕಲಿಯುವ ವಿದ್ಯಾರ್ಥಿ ಉದಾಹರಣೆಯಾಗಿ ಪದ್ಯವನ್ನು ಬಾಯಿಪಾಠ ಮಾಡುತ್ತಾನೆ. ಪದ್ಯದ ಬೆನ್ನು ಹಿಡಿದು ಕಾವ್ಯಕ್ಕೆ ಹೋಗುತ್ತಾನೆ. ವರ್ಜಿಲನಿಗೆ ಸರ್ವಿಯಸ್ ಮಾಡಿದ ಸೇವೆಯನ್ನು ಪಂಪನಿಗೆ ಕನ್ನಡದ ವೈಯಾಕರಣರು ಈ ರೀತಿಯಲ್ಲಿ ಮಾಡಿದರು.

ತುಳುನಾಡಿನ ಈ ಭಾಗದಲ್ಲಿ ಪಂಪನು ಹೇಳಿದ ಕಥೆಯ ಇನ್ನೊಂದು ಹೊಳೆ ಹರಿದಿದೆ. ಭರತ-ಬಾಹುಬಲಿಯರ ವೃತ್ತಾಂತ ‘ಆದಿಪುರಾಣ’ದ ಅತ್ಯುನ್ನತ ಭಾಗಗಳಲ್ಲಿ ಒಂದು. ಗೆದ್ದ ಬಾಹುಬಲಿ ಗೆಲುವನ್ನೇ ತೊರೆದು ತಪಸ್ಸಿಗೆ ನಡೆಯುವ ಆ ಪ್ರಸಂಗವನ್ನು ಓದಿದವರಿಗೆ ರಾಜ್ಯಲಕ್ಷ್ಮಿಯ ಮೋಹ ಹಗುರಾಗದೆ ಇರದು. ಹದಿನಾರನೆಯ ಶತಮಾನದಲ್ಲಿ ಮೂಡುಬಿದಿರೆಯ ರತ್ನಾಕರವರ್ಣಿಯು ಅದೇ ಕಥೆಯನ್ನು ‘ಭರತೇಶವೈಭವ’ವೆಂಬ ಸಾಂಗತ್ಯದಲ್ಲಿ ಬೇರೆ ಕಣ್ಣಿನಿಂದ ನೋಡಿದನು. ಅಲ್ಲಿ ಅಣ್ಣತಮ್ಮಂದಿರ ಕಾಳಗವೇ ನಡೆಯುವುದಿಲ್ಲ. ಭರತನು ತಮ್ಮನ ಮನಸ್ಸನ್ನು ಮಾತಿನಿಂದಲೇ ಗೆಲ್ಲುತ್ತಾನೆ. ಪೂರ್ವಕವಿಗಳ ಕಥೆಯನ್ನು ಬಲ್ಲವನೇ ಅದನ್ನು ತಿರುಗಿಸಿ ಹೇಳಬಲ್ಲನು. ಮೂಡುಬಿದಿರೆಯ ಜೈನಮಠ ಬಸದಿಗಳ ಭಂಡಾರಗಳಲ್ಲಿ ತಾಳೆಗರಿಗಳು ಶತಮಾನಗಳ ಕಾಲ ಕಾಪಾಡಲ್ಪಟ್ಟುದನ್ನೂ, 1604ರಲ್ಲಿ ವೇಣೂರಿನಲ್ಲಿ ಬಾಹುಬಲಿಯ ಏಕಶಿಲಾ ವಿಗ್ರಹ ನಿಂತುದನ್ನೂ ನೆನೆದರೆ ಆ ಕಥೆ ಇಲ್ಲಿಯ ಮಣ್ಣಿಗೆ ಎಷ್ಟು ಹತ್ತಿರದ್ದೆಂಬುದು ತಿಳಿಯುತ್ತದೆ.

ಆದರೂ ಕಾಲ ತಿರುಗಿತು. ಷಟ್ಪದಿ, ಸಾಂಗತ್ಯಗಳು ಜನರ ಬಾಯಿಗೆ ಬಂದ ಮೇಲೆ ಚಂಪೂಕಾವ್ಯಗಳು ಓದುವವರಿಲ್ಲದೆ ಕಟ್ಟಿನೊಳಗೆ ಮಲಗಿದವು. ಕುಮಾರವ್ಯಾಸನ ಭಾರತ ಜಗಲಿ ಜಗಲಿಗಳಲ್ಲಿ ಮೊಳಗುತ್ತಿದ್ದಾಗ ಪಂಪನ ಭಾರತ ಪಂಡಿತರಲ್ಲಿಯೂ ವಿರಳವಾಯಿತು. ಅದು ಮತ್ತೆ ಬೆಳಕಿಗೆ ಬಂದುದು 1898ರಲ್ಲಿ, ಬಿ. ಎಲ್. ರೈಸರು ಅದನ್ನು ಅಚ್ಚು ಮಾಡಿಸಿದಾಗ. 1931ರಲ್ಲಿ ಕನ್ನಡ ಸಾಹಿತ್ಯ ಪರಿಷತ್ತು ಅದರ ಪರಿಷ್ಕೃತ ಮುದ್ರಣವನ್ನು ಹೊರತಂದಿತು. ಹಳಗನ್ನಡವನ್ನು ಓದುವುದಕ್ಕೆ ಬೇಕಾದ ಸಲಕರಣೆಗಳು ಅಷ್ಟರೊಳಗೆ ಕರಾವಳಿಯಲ್ಲಿಯೇ ಸಿದ್ಧವಾಗಿದ್ದವು. ಕಿಟ್ಟೆಲರು ‘ಶಬ್ದಮಣಿದರ್ಪಣ’ವನ್ನು ಸಂಪಾದಿಸಿದ್ದರು, ಅವರ ಮಹಾನಿಘಂಟು 1894ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಲ್ಲಿ ಅಚ್ಚಾಗಿತ್ತು. ಗ್ರಂಥವಿತ್ತು, ಕೋಶವಿತ್ತು, ವ್ಯಾಕರಣವಿತ್ತು. ಇವುಗಳ ನಡುವೆ ಕುಳಿತು ಕಾವ್ಯದ ಹೃದಯವನ್ನು ಬಿಡಿಸಿ ತೋರಿಸುವ ಓಜನೊಬ್ಬನು ಬೇಕಾಗಿತ್ತು. ಆ ಸ್ಥಾನಕ್ಕೆ ಬಂದವರಲ್ಲಿ ಪ್ರಮುಖರು ಮುಳಿಯ ತಿಮ್ಮಪ್ಪಯ್ಯನವರು.

ಮುಳಿಯದವರು 1888ರಲ್ಲಿ ಇಂದಿನ ಬಂಟ್ವಾಳ ತಾಲೂಕಿಗೆ ಸೇರಿದ ವಿಟ್ಲ ಸೀಮೆಯಲ್ಲಿ ಹುಟ್ಟಿದರು, 1950ರಲ್ಲಿ ತೀರಿಕೊಂಡರು. ಮಂಗಳೂರಿನ ಸಂತ ಎಲೋಶಿಯಸ್ ಕಾಲೇಜಿನಲ್ಲಿ ಕನ್ನಡ ಪಂಡಿತರಾಗಿದ್ದರು. ಕಾವ್ಯ, ಕಾದಂಬರಿಗಳನ್ನು ಬರೆದರು. ‘ಕನ್ನಡ ಕೋಗಿಲೆ’ ಎಂಬ ಪತ್ರಿಕೆಯನ್ನು ನಡೆಸಿದರು. ಯಕ್ಷಗಾನ ಕವಿ ಪಾರ್ತಿಸುಬ್ಬನನ್ನು ಕುರಿತು ಶೋಧನೆ ಮಾಡಿದರು. ‘ಕವಿರಾಜಮಾರ್ಗ ವಿವೇಕ’ವನ್ನು ರಚಿಸಿದರು. 1931ರಲ್ಲಿ ಕಾರವಾರದಲ್ಲಿ ನೆರೆದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. ದೊಡ್ಡ ಅಧಿಕಾರವಾಗಲಿ, ಅರಮನೆಯ ಆಶ್ರಯವಾಗಲಿ ಇಲ್ಲದೆ, ದಿನವೂ ತರಗತಿಯಲ್ಲಿ ನಿಂತು ಪಾಠ ಹೇಳುತ್ತಿದ್ದ ಪಂಡಿತರೊಬ್ಬರು ನಾಡಿನ ಸಾಹಿತಿಗಳ ಅಗ್ರಪೀಠವನ್ನೇರಿದ ಸಂದರ್ಭವದು.

‘ನಾಡೋಜ ಪಂಪ’ದ ಹಿರಿಮೆಯೆಂದರೆ ಅದು ಕವಿಯನ್ನು ಪೂಜಾವಿಗ್ರಹವನ್ನಾಗಿ ಮಾಡದೆ, ಅವನ ಕಾಲ, ದೇಶ, ಆಶ್ರಯ, ಕಾವ್ಯ ಇವುಗಳೊಳಗೆ ಇಟ್ಟು ವಿಚಾರಿಸಿತು. ಅದರ ಎಲ್ಲ ನಿರ್ಣಯಗಳನ್ನೂ ಇಂದಿನ ವಿದ್ವಾಂಸರು ಒಪ್ಪಬೇಕಾಗಿಲ್ಲ, ಒಪ್ಪಿಯೂ ಇಲ್ಲ. ಕರೀಂನಗರದ ಕಡೆಯ ಕುರ್ಕ್ಯಾಲದಲ್ಲಿ ಪಂಪನ ತಮ್ಮ ಜಿನವಲ್ಲಭನು ಸಂಸ್ಕೃತ, ಕನ್ನಡ, ತೆಲುಗು ಮೂರು ಭಾಷೆಗಳಲ್ಲಿ ಕೆತ್ತಿಸಿದ ಶಾಸನ ವಿದ್ವಾಂಸರ ಗಮನಕ್ಕೆ ಬಂದ ಮೇಲೆ ಕವಿಯ ಮನೆತನದ ವಿಷಯದಲ್ಲಿ ಹೊಸ ಸಂಗತಿಗಳು ತಿಳಿದುಬಂದವು. ಹಿಂದಿನವರ ಮಾತನ್ನು ಮುಂದಿನವರು ತಿದ್ದುವುದು ವಿದ್ಯೆಯ ಧರ್ಮ. ತಿದ್ದುವುದಕ್ಕಾದರೂ ಮೊದಲು ಒಬ್ಬರು ಧೈರ್ಯವಾಗಿ ಬರೆದಿರಬೇಕಷ್ಟೆ. ಪಂಪನನ್ನು ಕುರಿತ ಚರ್ಚೆಗೆ ಒಂದು ನೆಲೆಗಟ್ಟನ್ನು ಹಾಕಿಕೊಟ್ಟ ಕೀರ್ತಿ ಮುಳಿಯದವರಿಗೆ ಸಲ್ಲಬೇಕು.

ಅವರು ಒಬ್ಬರೇ ಅಲ್ಲ. ವಿಟ್ಲದ ಬಳಿಯ ಪೆರುವಾಯಿಯಲ್ಲಿ 1904ರಲ್ಲಿ ಹುಟ್ಟಿದ ಕಡೆಂಗೋಡ್ಲು ಶಂಕರಭಟ್ಟರು ಮಂಗಳೂರಿನ ಸಂತ ಆಗ್ನೆಸ್ ಕಾಲೇಜಿನಲ್ಲಿ ಅಧ್ಯಾಪಕರಾಗಿದ್ದು, ಕವಿಗಳಾಗಿ, ವಿಮರ್ಶಕರಾಗಿ, ‘ರಾಷ್ಟ್ರಬಂಧು’ವಿನ ಸಂಪಾದಕರಾಗಿ ದುಡಿದರು. 1965ರಲ್ಲಿ ಸಾಹಿತ್ಯ ಸಮ್ಮೇಳನ ಮತ್ತೆ ಕಾರವಾರದಲ್ಲಿಯೇ ನೆರೆದಾಗ ಅವರು ಅಧ್ಯಕ್ಷರಾದರು. ಪುತ್ತೂರು ಕಡೆಯ ಸೇಡಿಯಾಪು ಕೃಷ್ಣಭಟ್ಟರು ಛಂದಸ್ಸು, ವ್ಯಾಕರಣ, ಶಬ್ದಾರ್ಥಗಳಲ್ಲಿ ಮಾಡಿದ ಸೂಕ್ಷ್ಮವಿಚಾರಕ್ಕೆ ಸಾಟಿ ಕಡಿಮೆ; ಅವರ ‘ವಿಚಾರಪ್ರಪಂಚ’ಕ್ಕೆ ಪಂಪನ ಹೆಸರಿನ ಪ್ರಶಸ್ತಿಯೇ ದೊರೆಯಿತು. ಅಡಕೆ ತೋಟಗಳ ನಡುವಿನ ಒಂದು ಸಣ್ಣ ಪ್ರದೇಶದಿಂದ ಇಂಥ ಓಜರ ಪಂಕ್ತಿ ಎದ್ದುದು ಆಕಸ್ಮಿಕವೇ?

ಆಕಸ್ಮಿಕವಲ್ಲವೆನ್ನಲು ಕಾರಣಗಳುಂಟು. ಈ ಸೀಮೆಯ ಮಗು ಹುಟ್ಟಿನಿಂದಲೇ ಹಲವು ಭಾಷೆಗಳ ನಡುವೆ ಬೆಳೆಯುತ್ತದೆ. ಮನೆಯಲ್ಲಿ ತುಳುವೋ ಹವ್ಯಕ ಕನ್ನಡವೋ ಕೊಂಕಣಿಯೋ ಬ್ಯಾರಿಯೋ, ಗಡಿಯಾಚೆ ಮಲೆಯಾಳ, ಶಾಲೆಯಲ್ಲಿ ಪುಸ್ತಕದ ಕನ್ನಡ. ಭಾಷೆಯೆಂಬುದು ತಾನಾಗಿ ಬರುವ ವಸ್ತುವಲ್ಲ, ಗಮನಿಸಿ ಕಲಿಯಬೇಕಾದ ವಿದ್ಯೆ ಎಂಬ ಎಚ್ಚರ ಇಲ್ಲಿ ಎಳೆತನದಲ್ಲಿಯೇ ಮೂಡುತ್ತದೆ. ಅದಕ್ಕೆ ಜತೆಯಾಗಿ ತಾಳಮದ್ದಳೆ. ಪ್ರಸಂಗದ ಪದ್ಯ ಹೆಚ್ಚಾಗಿ ಕುಮಾರವ್ಯಾಸನ ಅಥವಾ ತೊರವೆಯ ದಾರಿಯದಾದರೂ, ಅರ್ಥ ಹೇಳುವವನು ತನ್ನ ಓದಿನ ಬಲದಿಂದ ಕರ್ಣನನ್ನೂ ದುರ್ಯೋಧನನನ್ನೂ ಬೆಳೆಸುತ್ತಾನೆ. ರಾತ್ರಿಯಿಡೀ ಕುಳಿತು ಪಾತ್ರಗಳ ವಾದ-ಪ್ರತಿವಾದಗಳನ್ನು ಕೇಳಿದ ಕಿವಿಗೆ ಪಂಪನ ಸಭಾಪ್ರಸಂಗಗಳು ಪರಕೀಯವೆನಿಸುವುದಿಲ್ಲ.

ಇಂದಿನ ಸ್ಥಿತಿ ಹೇಗಿದೆ? ಪಂಪನಿಗೆ ಗೌರವ ಕಡಿಮೆಯಾಗಿದೆಯೆನ್ನುವಂತಿಲ್ಲ. 1987ರಿಂದ ಕರ್ನಾಟಕ ಸರಕಾರ ಅವನ ಹೆಸರಿನಲ್ಲಿ ಪ್ರಶಸ್ತಿ ಕೊಡುತ್ತಿದೆ. ಮೊದಲು ಅದನ್ನು ಪಡೆದವರು ಕುವೆಂಪು. ಜೈನಕವಿಯ ಹೆಸರಿನ ಆ ಪ್ರಶಸ್ತಿ ‘ಶೂನ್ಯಸಂಪಾದನೆಯ ಪರಾಮರ್ಶೆ’ಯನ್ನು ಬರೆದ ಸಂ. ಶಿ. ಭೂಸನೂರಮಠರಿಗೂ ಸಂದುದು ಕನ್ನಡದ ಮನಸ್ಸಿನ ವಿಶಾಲತೆಗೆ ಸಾಕ್ಷಿ. ಹೆಸರಿಗೆ ಕೊರತೆಯಿಲ್ಲ, ಕೊರತೆಯಿರುವುದು ಓದಿಗೆ. ಪ್ರೌಢಶಾಲೆಯ ಪಠ್ಯದಲ್ಲಿ ಹಳಗನ್ನಡಕ್ಕೆ ಮೀಸಲಾದ ಪುಟಗಳು ಕೆಲವೇ. ಆ ಪುಟಗಳನ್ನು ಕೂಡ ಪರೀಕ್ಷೆಯ ಪ್ರಶ್ನೆಗೆ ಬೇಕಾದಷ್ಟು ಸಾರಾಂಶ ಬರೆಯಿಸಿ ಮುಗಿಸುವ ಅಭ್ಯಾಸ ಹಲವೆಡೆ ಬೆಳೆದಿದೆ. ಪದ್ಯವನ್ನು ಬಾಯಿಬಿಟ್ಟು ಓದದೆ, ಅನ್ವಯ ಮಾಡದೆ, ಛಂದಸ್ಸಿನ ಗತಿಯನ್ನು ಕಿವಿಗೆ ಮುಟ್ಟಿಸದೆ ಪಂಪನನ್ನು ‘ಮುಗಿಸಿದೆ’ ಎಂದರೆ ಅದು ಹಲಸಿನ ಹಣ್ಣನ್ನು ಸಿಪ್ಪೆಯ ಮೇಲಿನಿಂದ ಸವರಿ ರುಚಿ ನೋಡಿದೆನೆಂದಂತೆ.

ಇದಕ್ಕೆ ಸಮಾಧಾನವಾಗಿ ಮೂರು ಮಾತುಗಳನ್ನು ಹೇಳುವುದುಂಟು. ಹಳಗನ್ನಡ ಕಠಿನ, ಮಕ್ಕಳಿಗೆ ಹೊರೆ ಎಂಬುದು ಒಂದು. ಹೊಸಗನ್ನಡದ ಗದ್ಯಾನುವಾದಗಳಿರುವಾಗ ಮೂಲವೇಕೆ ಎಂಬುದು ಎರಡು. ಇದರಿಂದ ಉದ್ಯೋಗ ದೊರೆಯುವುದಿಲ್ಲವೆಂಬುದು ಮೂರು. ಮೂರರಲ್ಲಿಯೂ ಸತ್ಯದ ಅಂಶವಿದೆ. ಆದುದರಿಂದಲೇ ಅವುಗಳನ್ನು ತಾಳ್ಮೆಯಿಂದ ಪರಿಶೀಲಿಸಬೇಕು.

ಕಾಠಿನ್ಯದ ಮಾತನ್ನು ವಿಟ್ಲ, ಬಂಟ್ವಾಳ, ಬೆಳ್ತಂಗಡಿಗಳ ಶಾಲೆಗಳಲ್ಲಿ ಹೇಳುವುದಂತೂ ವಿಚಿತ್ರವೇ ಸರಿ. ಹಳಗನ್ನಡದ ಪಕಾರ ಹೊಸಗನ್ನಡದಲ್ಲಿ ಹಕಾರವಾಯಿತೆಂಬ ಸೂತ್ರವನ್ನು ಬಯಲುಸೀಮೆಯ ಮಗು ಉರುಹೊಡೆಯಬೇಕು. ಇಲ್ಲಿಯ ಮಗುವಿಗೆ ಅದು ಅಂಗಳದ ಅನುಭವ. ಹಳಗನ್ನಡದ ‘ಪುಲಿ’ಯನ್ನು ಹುಲಿಯೆಂದು ತಿಳಿಸಲು ನಿಘಂಟು ಬೇಕೇ? ಪಿಲಿವೇಷದ ತಾಸೆಯ ಪೆಟ್ಟಿಗೆ ಕುಣಿದ ಹುಡುಗನಿಗೆ ‘ಪಿಲಿ’ ಗೊತ್ತಿದೆ. ‘ಪತ್ತು’ ಎಂದರೆ ಹತ್ತು, ‘ಪೂ’ ಎಂದರೆ ಹೂವು, ‘ಪರಕೆ’ ಎಂದರೆ ಹರಕೆ. ತುಳು ಬಲ್ಲ ಮಗುವಿನ ನಾಲಗೆಯಲ್ಲಿ ಇವು ಇಂದಿಗೂ ಜೀವಂತವಾಗಿವೆ. ಪಂಪನ ‘ಎನಗೆ’, ‘ಎನ್ನ’ ಎಂಬ ರೂಪಗಳು ಹವ್ಯಕರ ಅಡುಗೆಮನೆಯಲ್ಲಿ ದಿನಬೆಳಗಾದರೆ ಕೇಳಿಸುತ್ತವೆ. ಮಕ್ಕಳ ಮನೆಮಾತನ್ನು ತಪ್ಪು ಕನ್ನಡವೆಂದು ಗದರಿಸುವ ಬದಲು, ಅದನ್ನೇ ಮೆಟ್ಟಿಲಾಗಿ ಮಾಡಿಕೊಂಡು ಹಳಗನ್ನಡದ ಮನೆಯೊಳಕ್ಕೆ ಕರೆದೊಯ್ಯುವ ಉಪಾಧ್ಯಾಯನಿದ್ದರೆ ಕಾಠಿನ್ಯ ಅರ್ಧಕ್ಕರ್ಧ ಕರಗುತ್ತದೆ. ಹೊರೆಯಾಗುವುದು ಭಾಷೆಯಲ್ಲ, ಬೋಧನೆಯ ಕ್ರಮ.

ಅನುವಾದದ ಮಾತು ಎರಡನೆಯದು. ಗದ್ಯಾನುವಾದಗಳು ಬೇಕು; ಅವುಗಳಿಂದ ಉಪಕಾರವಾಗಿದೆ. ಆದರೆ ಅನುವಾದವು ಕಥೆಯನ್ನು ಕೊಟ್ಟೀತು,  ನಡೆಯನ್ನು ಕೊಡಲಾರದು. ವರ್ಜಿಲನನ್ನು ಇಂದು ಬಹುಮಂದಿ ಓದುವುದು ಅನುವಾದದಲ್ಲಿಯೇ. ಆದರೆ ಆ ಅನುವಾದಗಳು ತಲೆಮಾರಿಗೊಂದರಂತೆ ಹೊಸದಾಗಿ ಹುಟ್ಟುತ್ತಿರುವುದು ಲ್ಯಾಟಿನ್ ಮೂಲವನ್ನು ಓದಬಲ್ಲವರು ಇನ್ನೂ ಇರುವುದರಿಂದ. ಮೂಲ ಬಲ್ಲವರು ಇಲ್ಲವಾದ ದಿನ ಅನುವಾದವನ್ನು ತೂಗಿ ನೋಡುವ ತಕ್ಕಡಿಯೇ ಇಲ್ಲವಾಗುತ್ತದೆ. ಲ್ಯಾಟಿನ್ ಯಾರ ಮನೆಯ ಮಾತೂ ಅಲ್ಲದಿದ್ದರೂ ಯೂರೋಪಿನವರು ಇಷ್ಟು ಶ್ರಮವಹಿಸಿದ್ದಾರೆ. ಪಂಪನ ಕನ್ನಡವಾದರೋ ಕೋಟ್ಯಂತರ ಜನರು ಇಂದೂ ಆಡುವ ನುಡಿಯ ಹಿಂದಿನ ರೂಪ. ಅವರಿಗೆ ಸಾಧ್ಯವಾದುದು ಕನ್ನಡಿಗರಿಗೆ ಅಸಾಧ್ಯವೆಂದರೆ ನಂಬುವವರಾರು?

ಉದ್ಯೋಗದ ಮಾತು ಮೂರನೆಯದು. ತಂದೆತಾಯಿಗಳ ಚಿಂತೆಯನ್ನು ಹಗುರವಾಗಿ ಕಾಣುವುದು ಸರಿಯಲ್ಲ. ಆದರೆ ಶಾಲೆಯ ಪ್ರತಿಯೊಂದು ಗಂಟೆಯೂ ಸಂಬಳವಾಗಿ ಹಿಂದಿರುಗಬೇಕೆಂದರೆ ಶಾಲೆಗೂ ಅಂಗಡಿಗೂ ಭೇದವಿಲ್ಲ. ಪಂಪಭಾರತದ ದ್ರೋಣ-ದ್ರುಪದರ ಪ್ರಸಂಗ ಈಚಿನ ವರ್ಷಗಳಲ್ಲಿ ಹತ್ತನೆಯ ತರಗತಿಯ ಪಠ್ಯದಲ್ಲಿ ಸೇರಿದೆ. ಒಂದೇ ಗುರುವಿನಲ್ಲಿ ಒಟ್ಟಿಗೆ ಓದಿದ ಇಬ್ಬರು ಗೆಳೆಯರು. ಒಬ್ಬನು ಅರಸನಾದನು, ಒಬ್ಬನು ಬಡವನಾಗಿ ಉಳಿದನು. ಬಡವನು ಬಾಗಿಲಿಗೆ ಬಂದಾಗ ಅರಸನು ಅವನನ್ನು ಅರಿಯೆನೆಂದನು. ಆ ಒಂದು ಮಾತಿನಿಂದ ಹುಟ್ಟಿದ ಹಗೆ ಕುರುಕ್ಷೇತ್ರದವರೆಗೂ ಉರಿಯಿತು. ಒಂದೇ ಬೆಂಚಿನಲ್ಲಿ ಕುಳಿತವರು ಮುಂದೆ ಬೇರೆ ಬೇರೆ ಅಂತಸ್ತುಗಳಿಗೆ ಹೋಗುವುದು ಪ್ರತಿಯೊಂದು ಶಾಲೆಯ ಕಥೆ. ಸಿರಿ ಬಂದಾಗ ಹಳೆಯ ಸಹಪಾಠಿಯನ್ನು ಗುರುತಿಸಬೇಕೆಂಬ ಪಾಠವನ್ನು ಪಂಪನಿಗಿಂತ ಚೆನ್ನಾಗಿ ಕಲಿಸುವ ಬೇರೆ ವಿಷಯ ಯಾವುದು? ಮನುಷ್ಯಕುಲವೆಲ್ಲ ಒಂದೇ ಎಂಬ ಕಾಣ್ಕೆಯನ್ನು ಹತ್ತನೆಯ ಶತಮಾನದಲ್ಲಿಯೇ ಕನ್ನಡಕ್ಕೆ ತಂದ ಕವಿಯನ್ನು ಓದದೆ ಬೆಳೆದ ವಿದ್ಯಾವಂತನಿಗೆ ಉದ್ಯೋಗ ದೊರೆತೀತು. ಆದರೆ ಅವನ ವಿದ್ಯೆಯಲ್ಲಿ ಒಂದು ಬಡತನ ಉಳಿದುಹೋಗುತ್ತದೆ.

ಹಾಗಾದರೆ ಮಾಡತಕ್ಕದ್ದೇನು? ದೊಡ್ಡ ಯೋಜನೆಗಳ ಅಗತ್ಯವಿಲ್ಲ. ವಾರಕ್ಕೊಂದು ಗಂಟೆ ಪ್ರೌಢಶಾಲೆಯ ಮಕ್ಕಳಿಗೆ ಹಳಗನ್ನಡ ಪದ್ಯಗಳ ವಾಚನವಾಗಲಿ. ಅರ್ಥವನ್ನು ಆಮೇಲೆ ಹೇಳಿದರೂ ಚಿಂತೆಯಿಲ್ಲ, ಮೊದಲು ಕಿವಿ ಹದವಾಗಲಿ. ಗಮಕಿಗಳು, ಅರ್ಥಧಾರಿಗಳು ಈ ಸೀಮೆಯಲ್ಲಿ ದೂರದವರಲ್ಲ. ವರ್ಷಕ್ಕೆರಡು ಬಾರಿಯಾದರೂ ಅವರನ್ನು ಶಾಲೆಗೆ ಕರೆಯಿಸಬಹುದು. ಡಿ. ಎಲ್. ನರಸಿಂಹಾಚಾರ್ಯರ ‘ಪಂಪಭಾರತ ದೀಪಿಕೆ’ಯಂಥ ವ್ಯಾಖ್ಯಾನಗ್ರಂಥಗಳು ಪ್ರತಿಯೊಂದು ಶಾಲೆಯ ಕಪಾಟಿನಲ್ಲಿ, ಬೀಗದೊಳಗಲ್ಲದೆ ಅಧ್ಯಾಪಕರ ಕೈಗೆಟಕುವಂತೆ ಇರಲಿ. ತರುಣ ಅಧ್ಯಾಪಕರು ಹಿರಿಯ ಪಂಡಿತರೊಡನೆ ಕುಳಿತು ವರ್ಷಕ್ಕೊಂದು ಆಶ್ವಾಸವನ್ನಾದರೂ ಮೂಲದಲ್ಲಿ ಓದುವ ಪದ್ಧತಿ ಬರಲಿ. ತಾನು ಓದಿ ಸವಿಯದ ಪದ್ಯವನ್ನು ಯಾರೂ ಸವಿಯುವಂತೆ ಹೇಳಿಕೊಡಲಾರರು.

ದಾನಿಗಳ ಔದಾರ್ಯದಿಂದ ಶಾಲೆಗಳಿಗೆ ಕಟ್ಟಡಗಳು ಬಂದಿವೆ, ಪ್ರಯೋಗಶಾಲೆಗಳು ಬಂದಿವೆ. ಕಟ್ಟಡದ ಗೋಡೆಯ ಮೇಲೆ ದಾನಿಯ ಹೆಸರನ್ನು ಬರೆಯಬಹುದು. ಮಗುವಿನ ನಾಲಗೆಯ ಮೇಲೆ ನಿಂತ ಪದ್ಯದಲ್ಲಿ ಯಾರ ಹೆಸರನ್ನೂ ಬರೆಯುವಂತಿಲ್ಲ. ಆದುದರಿಂದಲೇ ಅದು ಹೆಚ್ಚಿನ ದಾನ. ಫ. ಗು. ಹಳಕಟ್ಟಿಯವರು ವಕೀಲಿ ವೃತ್ತಿಯ ನಡುವೆ ಮನೆಮನೆ ತಿರುಗಿ ತಾಳೆಗರಿಗಳನ್ನು ಕೂಡಿಸಿ 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಹೊರತರದಿದ್ದರೆ ಶರಣರ ನುಡಿ ಇಂದಿನಷ್ಟು ಮನೆಮಾತಾಗುತ್ತಿತ್ತೇ? ಗ್ರಂಥವನ್ನು ಉಳಿಸುವುದು, ಓದಿಸುವುದು ಯಾವುದೇ ಒಂದು ಮತದ ಕೆಲಸವಲ್ಲ. ಭಾಷೆಯ ಋಣವನ್ನು ತೀರಿಸುವ ಕೆಲಸ. ಹಳೆಯ ವಿದ್ಯಾರ್ಥಿಗಳು ತಮ್ಮ ಊರಿನ ಮನೆಗಳ ಅಟ್ಟಗಳಲ್ಲಿ ಉಳಿದಿರಬಹುದಾದ ಓಲೆಕಟ್ಟುಗಳನ್ನು ಒಲೆಗೂ ಗೆದ್ದಲಿಗೂ ಕೊಡದೆ ತಿಳಿದವರ ಕೈಗೆ ಮುಟ್ಟಿಸಿದರೂ ಅದು ಒಂದು ಸೇವೆಯೇ.

ವೇಮುಲವಾಡದ ಅರಸನು ಪಂಪನಿಗೆ ಧರ್ಮಪುರವೆಂಬ ಅಗ್ರಹಾರವನ್ನು ದಾನವಾಗಿ ಕೊಟ್ಟನು. ಆ ಸಿರಿ ಕವಿಯ ಕಾಲಕ್ಕಾಯಿತು. ಅದಕ್ಕಿಂತ ದೊಡ್ಡ ದಾನವನ್ನು ಕೊಟ್ಟವರು ಅವನ ಪದ್ಯವನ್ನು ಪ್ರತಿಮಾಡಿದ, ಉದಾಹರಿಸಿದ, ಪಾಠ ಹೇಳಿದ, ಹಲವು ವೇಳೆ ಹೆಸರನ್ನೂ ಉಳಿಸದೆ ಹೋದ ಓಜರು. ಅವರ ಪಂಕ್ತಿಯಲ್ಲಿ ಮುಳಿಯದವರ ಹೆಸರು ಉಳಿದಿರುವುದು ವಿಟ್ಲ ಸೀಮೆಯ ಭಾಗ್ಯ. ಪಂಕ್ತಿ ಮುಂದುವರಿಯಬೇಕಾದುದು ಸಮ್ಮೇಳನದ ವೇದಿಕೆಯಲ್ಲಲ್ಲ. ಬೆಳಗಿನ ಮೊದಲ ಗಂಟೆ ಬಾರಿಸಿದ ಮೇಲೆ, ಕನ್ನಡದ ಪುಸ್ತಕವನ್ನು ಬಿಡಿಸಿ, ಮಕ್ಕಳ ಮುಂದೆ ನಿಂತು, ಒಂದು ಹಳಗನ್ನಡ ಪದ್ಯವನ್ನು ಗಟ್ಟಿಯಾಗಿ ಓದಲು ತೊಡಗುವ ಉಪಾಧ್ಯಾಯನ ದನಿಯಲ್ಲಿ.